ನೀರು ಕುಡಿಯಲು ಎದ್ದವರು

ಮಧುಗಿರಿಯ ವಕೀಲರ ಮಿತ್ರ ಮಂಡಳಿಯಲ್ಲಿ ಒಬ್ಬ ಮನುಷ್ಯನನ್ನು ಮುಗಿಸಲು ಬಾಯಿ ತೆರೆಯಬೇಕಾಗಿರಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರೆ ಸಾಕಿತ್ತು.

ಮುನ್ಸೀಫ್ ಹುದ್ದೆಗೆ ಅರ್ಜಿ ಕರೆದಾಗಲೆಲ್ಲ, ಅರ್ಜಿ ಹಾಕಿದ ವಕೀಲರ ಹೆಸರನ್ನು ತುಮಕೂರಿನ ಜಿಲ್ಲಾ ಕೋರ್ಟಿನಿಂದ ಮಂಡಳಿಗೆ ಕಳಿಸುತ್ತಿದ್ದರು. ಈತನ ನಡತೆ ಹೇಗೆ, ನ್ಯಾಯಪೀಠದಲ್ಲಿ ಕೂರಲು ಯೋಗ್ಯನೇ ಎಂದು ಅಭಿಪ್ರಾಯ ಕೇಳುತ್ತಿದ್ದರು. ಕೇಳುವುದು ಸರಿಯೇ. ದಿನಾ ಎದುರಿಗೆ ನಿಂತು ವಾದ ಮಾಡುವವರಿಗಿಂತ ಚೆನ್ನಾಗಿ ಒಬ್ಬ ವಕೀಲನನ್ನು ಬಲ್ಲವರು ಯಾರು? ಆದರೆ ಮಂಡಳಿಯ ಹಿರಿಯರಿಗೆ ಒಂದು ಹೆದರಿಕೆ. ಇವತ್ತು ಬೇಡ ಅಂದವನೇ ನಾಳೆ ಹೇಗೋ ಸಾಹೇಬನಾಗಿ ಬಂದು ಪೀಠದ ಮೇಲೆ ಕೂತರೆ ಮುಖ ಎಲ್ಲಿಟ್ಟುಕೊಳ್ಳುವುದು? ಅದಕ್ಕೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಸಭೆಯಲ್ಲಿ ಅಧ್ಯಕ್ಷರು ಹೆಸರು ಓದುತ್ತಾರೆ, ಓದಿ ಕನ್ನಡಕ ಒರೆಸುತ್ತ ಕೂರುತ್ತಾರೆ. ಒಪ್ಪಿಗೆ ಇಲ್ಲದವರು ಎದ್ದು ವರಾಂಡಕ್ಕೆ ಹೋಗಿ ಅಲ್ಲಿದ್ದ ಹೂಜಿಯಿಂದ ನೀರು ಕುಡಿದು ಬರುತ್ತಾರೆ. ಯಾಕೆಂದು ಯಾರೂ ಕೇಳುವಂತಿಲ್ಲ, ಅವರು ಹೇಳುವಂತಿಲ್ಲ, ಎದ್ದವರು ಯಾರೆಂದು ಹೊರಗೆ ಬಾಯಿಬಿಡುವಂತಿಲ್ಲ. ಮೂರು ಜನ ಎದ್ದರೆ ಮುಗಿಯಿತು. 'ಈ ಅರ್ಜಿದಾರರ ವಿಷಯದಲ್ಲಿ ಮಂಡಳಿಯು ಅಭಿಪ್ರಾಯ ಹೇಳಲು ಇಚ್ಛಿಸುವುದಿಲ್ಲ' ಎಂದು ತುಮಕೂರಿಗೆ ಒಂದು ಸಾಲು ಹೋಗುತ್ತಿತ್ತು.

ಆ ಸಾಲು ಓದಿದವರು ಏನೆಂದುಕೊಳ್ಳಬೇಕು? ಕುಡುಕ ಇರಬೇಕು, ಇಲ್ಲ ಕಕ್ಷಿದಾರರನ್ನು ಮುಳುಗಿಸಿದವನಿರಬೇಕು, ಬಾಯಲ್ಲಿ ಹೇಳಲಾಗದಂಥದ್ದು ಏನೋ ಇರಬೇಕು ಎಂದುಕೊಂಡು ಅರ್ಜಿಯನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಬೈದಿದ್ದರೂ ಮೇಲಾಗಿತ್ತು, ಬೈಗುಳಕ್ಕೆ ಉತ್ತರ ಕೊಡಬಹುದು. ಇಂಥ ಹೇಡಿತನಕ್ಕೆ ಮಂಡಳಿಯವರು ಕೊಟ್ಟಿದ್ದ ಹೆಸರು ಸಂಪ್ರದಾಯ.

ಸಾವಿರದ ಒಂಬೈನೂರ ಅರವತ್ತೊಂದನೇ ಇಸವಿ ಏಪ್ರಿಲ್ ತಿಂಗಳಲ್ಲಿ ತುಮಕೂರಿನಿಂದ ಬಂದ ಕಾಗದದಲ್ಲಿದ್ದದ್ದು ಒಂದೇ ಹೆಸರು, ಖಲೀಲುಲ್ಲಾ. ಕಾಗದವನ್ನು ಒಡೆದು ಓದಿದವನು ಮಂಡಳಿಯ ಕಾರ್ಯದರ್ಶಿ ರೇಣುಕಯ್ಯ. ಓದಿ ಅವನಿಗೆ ತನಗೇ ಕೆಲಸ ಸಿಕ್ಕಷ್ಟು ಖುಷಿಯಾಯಿತು.

ಖಲೀಲುಲ್ಲಾ ಶಿರಾದವನು. ಅಪ್ಪ ಅಲ್ಲಿಯ ಪೇಟೆಯಲ್ಲಿ ತಗಡಿನ ಟ್ರಂಕು ಮಾಡುತ್ತಿದ್ದವರು. ಮಗ ಲಾ ಓದಿ ಮಧುಗಿರಿಗೆ ಬಂದು ಹನ್ನೆರಡು ವರ್ಷವಾಗಿತ್ತು, ಹನ್ನೆರಡು ವರ್ಷವೂ ರೇಣುಕಯ್ಯನ ಕಚೇರಿಯ ಪಕ್ಕದಲ್ಲೇ ಅವನ ಕಚೇರಿ. ಕಾಗದಪತ್ರ ಪೂರ್ತಿ ಓದದೆ ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಈ ವರ್ಷಕ್ಕೆ ಅವನಿಗೆ ಮೂವತ್ತೆಂಟು ತುಂಬುತ್ತಿತ್ತು. ಮುಂದಿನ ಸಲ ಅರ್ಜಿ ಕರೆಯುವ ಹೊತ್ತಿಗೆ ವಯಸ್ಸು ಮೀರಿರುತ್ತಿತ್ತು. ಆಗುವುದಿದ್ದರೆ ಈಗ, ಇಲ್ಲದಿದ್ದರೆ ಎಂದೂ ಇಲ್ಲ.

ಅವನ ಮೇಲೆ ಮಂಡಳಿಯಲ್ಲಿ ಕೆಲವರಿಗೆ ಹೊಟ್ಟೆಯಲ್ಲಿ ಕಡುಬು ಬೇಯುತ್ತಿದ್ದದ್ದು ರೇಣುಕಯ್ಯನಿಗೆ ಗೊತ್ತಿತ್ತು. ವಕೀಲರ ನಡುವೆ ಒಂದು ಒಳಒಪ್ಪಂದ. ಒಬ್ಬ ಕೇಸು ಮುಂದೂಡಿ ಎಂದು ವಾಯಿದೆ ಕೇಳಿದರೆ ಎದುರಿನವನು ಅಡ್ಡಿ ಮಾಡಬಾರದು. ಇವತ್ತು ನಿನಗೆ, ನಾಳೆ ನನಗೆ. ಕಕ್ಷಿದಾರ ಕೊಳಾಲದಿಂದ ಬಂದನೋ ಪಾವಗಡದ ಗಡಿಯಿಂದ ಬಂದನೋ, ಬಸ್ಸಿನಲ್ಲಿ ನಿಂತು ಬಂದನೋ ಕೂತು ಬಂದನೋ, ಅದು ಯಾರಿಗೂ ಬೇಕಾಗಿರಲಿಲ್ಲ. ಹೋದ ದೀಪಾವಳಿಯ ಹಿಂದೆ ಐ.ಡಿ. ಹಳ್ಳಿಯ ಚಿಕ್ಕಹನುಮಕ್ಕ ಎಂಬ ವಿಧವೆಯ ಭಾಗದ ದಾವೆಯಲ್ಲಿ ಎದುರು ವಕೀಲರಾದ ಚಿಕ್ಕರಂಗಯ್ಯನವರು ಹೊಟ್ಟೆನೋವೆಂದು ವಾಯಿದೆ ಕೇಳಿದರು. ಖಲೀಲುಲ್ಲಾ ಎದ್ದು, ಇದು ಇಪ್ಪತ್ತಮೂರನೆಯದು, ಇನ್ನು ಒಪ್ಪುವುದಿಲ್ಲ ಎಂದುಬಿಟ್ಟ. ಮುನ್ಸೀಫರು ಆ ಮುದುಕಿಯ ಕಡೆ ನೋಡಿದರು.

"ಇಪ್ಪತ್ಮೂರು ದಪ ಬಂದ್ಬುಟ್ಟಿವ್ನಿ ಬುದ್ಧಿ," ಎಂದಳು ಚಿಕ್ಕಹನುಮಕ್ಕ. "ಆವಯ್ಯನ ಹೊಟ್ಟೆನೋವು ವಾಸಿಯಾಗೋಗಂಟ ನಾನು ಬದ್ಕಿರಬೇಕಲ್ಲ."

ಕೋರ್ಟೆಲ್ಲ ನಕ್ಕಿತು. ಅವತ್ತೇ ವಿಚಾರಣೆ ನಡೆಯಿತು, ಎರಡು ವಾರದಲ್ಲಿ ಮುದುಕಿಗೆ ಅವಳ ಭಾಗ ಬಂತು. ಚಿಕ್ಕರಂಗಯ್ಯನವರು ಅವತ್ತಿನಿಂದ ಖಲೀಲುಲ್ಲಾನ ಜೊತೆ ಮಾತು ಬಿಟ್ಟರು.

ಆದರೂ ರೇಣುಕಯ್ಯ ಲೆಕ್ಕ ಹಾಕಿದ್ದ. ಚಿಕ್ಕರಂಗಯ್ಯ ಏಳುತ್ತಾರೆ. ಅವರ ಷಡ್ಡಕನೂ ವಕೀಲನೇ, ಇವರು ಸೀನಿದರೆ ಕರವಸ್ತ್ರ ತೆಗೆಯುವ ಜಾತಿ, ಅವನೂ ಏಳುತ್ತಾನೆ. ಅಲ್ಲಿಗೆ ಇಬ್ಬರು. ಮೂರನೆಯವರು ಯಾರೂ ಇಲ್ಲ. ಅಧ್ಯಕ್ಷರಿಗೂ ಆ ವಾಯಿದೆಯ ಸಿಟ್ಟಿತ್ತು, ಆದರೆ ಹೆಸರು ಓದುವವರು ಏಳುವಂತಿಲ್ಲ.

ಸಭೆಯ ದಿನ ಹನ್ನೊಂದು ಜನ ಸೇರಿದ್ದರು. ಅರ್ಜಿ ಹಾಕಿದವನು ಸಭೆಯಲ್ಲಿ ಇರುವಂತಿಲ್ಲವಾದ್ದರಿಂದ ಖಲೀಲುಲ್ಲಾ ಬಂದಿರಲಿಲ್ಲ. ಅಧ್ಯಕ್ಷ ಮಲ್ಲಿಕಾರ್ಜುನಯ್ಯನವರು ಹೆಸರು ಓದಿ ಕನ್ನಡಕ ತೆಗೆದರು. ಚಿಕ್ಕರಂಗಯ್ಯ ಎದ್ದರು, ಷಡ್ಡಕ ಎದ್ದ. ವರಾಂಡದಲ್ಲಿ ಲೋಟದ ಸದ್ದಾಯಿತು. ಇಬ್ಬರೂ ಮೀಸೆ ಒರೆಸಿಕೊಂಡು ಬಂದು ಕೂತರು. ಇನ್ನು ಯಾರೂ ಅಲುಗಲಿಲ್ಲ. ರೇಣುಕಯ್ಯ ನಡಾವಳಿ ಪುಸ್ತಕದ ಮೇಲೆ ಪೆನ್ನು ಹಿಡಿದು ಕಾಯುತ್ತಿದ್ದ.

ಅವನಿಗೆ ಒಂದು ವಾರದಿಂದ ಒಣಕೆಮ್ಮು. ಕಟ್ಟುಗಟ್ಟಲೆ ಹಳೇ ಕಾಗದದ ಧೂಳು ತುಂಬಿದ ಆ ಕೋಣೆಯಲ್ಲಿ ಗಂಟಲು ಕೆರೆಯತೊಡಗಿತು. ಈಗ ಏಳಬಾರದೆಂದು ಗೊತ್ತಿತ್ತು. ತಡೆದುಕೊಂಡ. ತಡೆದಷ್ಟೂ ಒತ್ತಿಕೊಂಡು ಬಂತು. ಮುಖ ಕೆಂಪಗಾಯಿತು, ಕಣ್ಣಲ್ಲಿ ನೀರು ತುಂಬಿತು, ಆಮೇಲೆ ಕರುಳು ಕಿತ್ತು ಬರುವ ಹಾಗೆ ಕೆಮ್ಮತೊಡಗಿದ, ಉಸಿರು ಸಿಗದಷ್ಟು.

"ಹೋಗಿ ಒಂದು ಗುಟುಕು ನೀರು ಕುಡೀರಿ ರೇಣುಕಯ್ಯ, ಸತ್ತೋಗ್ತೀರಿ," ಎಂದರು ಮಲ್ಲಿಕಾರ್ಜುನಯ್ಯನವರು. ದನಿಯಲ್ಲಿ ಎಂಥ ಕಾಳಜಿ! ರೇಣುಕಯ್ಯ ಎದ್ದು ಹೋಗಿ ನೀರು ಕುಡಿದ. ವಾಪಸು ಬಂದಾಗ ಅಧ್ಯಕ್ಷರು ಕನ್ನಡಕ ಹಾಕಿಕೊಂಡಾಗಿತ್ತು.

"ಮೂರು," ಎಂದರು ಅವರು. "ಅಭಿಪ್ರಾಯ ಹೇಳಲು ಇಚ್ಛಿಸುವುದಿಲ್ಲ ಅಂತ ಬರಕೊಳ್ಳಿ."

"ಏನ್ರೀ ಇದು? ನೀವೇ ಹೋಗಿ ಅಂದ್ರಲ್ರೀ! ನಂಗೆ ಕೆಮ್ಮು!"

"ಕಾರಣ ಹೇಳಬಾರದು ರೇಣುಕಯ್ಯ. ಪದ್ಧತಿ."

ರೇಣುಕಯ್ಯ ಎಲ್ಲರ ಮುಖ ನೋಡಿದ. ಒಬ್ಬರು ಚಾವಣಿ ನೋಡುತ್ತಿದ್ದರು, ಇನ್ನೊಬ್ಬರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಕಾಸಿಗೆ ಕಾಸು ತಾಳೆ ಹಾಕಿ ಸಾಕ್ಷಿಯ ಬಾಯಿ ಬಿಡಿಸುವ ಶೂರರೆಲ್ಲ, ಕಣ್ಣೆದುರಿಗೆ ನಡೆದ ಮೋಸಕ್ಕೆ ಸಾಕ್ಷಿ ಹೇಳಲು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಅವನ ಮೈ ಉರಿದುಹೋಯಿತು. ಪುಸ್ತಕವನ್ನು ರಪ್ಪನೆ ಮುಚ್ಚಿ ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಟ್ಟ. ಒಂದಕ್ಷರವೂ ಬರೆಯಲಿಲ್ಲ.

ಖಲೀಲುಲ್ಲಾನ ಕಚೇರಿಗೆ ಅವನು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಹೊರಗೆ ಆಡಬಾರದೆಂಬ ನಿಯಮವನ್ನು ಈ ಸಲ ಯಾರೋ ಬಲು ಬೇಗ ಮುರಿದಿದ್ದರು. ಖಲೀಲುಲ್ಲಾ ಕೋಟು ಬಿಚ್ಚಿ ಗೋಡೆಗೆ ನೇತುಹಾಕುತ್ತಿದ್ದ.

"ಮೂರನೆಯವನು ನೀನಂತೆ," ಎಂದ, ತಿರುಗದೆಯೇ.

"ಕೆಮ್ಮು ಬಂತಪ್ಪ! ನೀರು ಕುಡಿಯೋಕೆ ಹೋದ್ರೆ ಆ ಮುದುಕ ಲೆಕ್ಕಕ್ಕೆ ಹಿಡಿದುಬಿಟ್ಟ. ನೀನು ನಂಬಲ್ವಾ?"

"ನಾನು ನಂಬ್ತೀನಿ ಕಣಯ್ಯ. ವಾರದಿಂದ ಈ ಗೋಡೆ ಆಚೆಯಿಂದ ನಿನ್ನ ಕೆಮ್ಮು ಕೇಳ್ತಾ ಇದೀನಿ. ತುಮಕೂರಿನವರಿಗೆ ಕೇಳಿಸ್ತದಾ?" ಎಂದು ಅವನು ಕುರ್ಚಿಯಲ್ಲಿ ಕೂತ. "ಅಮ್ಮಿಗೆ ಏನು ಹೇಳಲಿ ಅಂತ ಯೋಚನೆ. ಶಿರಾದಲ್ಲಿ ಮನೆಮನೆಗೂ ಹೇಳ್ಕೊಂಡು ಬಂದಿದಾರೆ. ಯಾಕೆ ಬೇಡ ಅಂದ್ರಂತೆ ಅಂತ ಕೇಳ್ತಾರೆ. ಕಾರಣ ಒಂದಿದ್ರೆ ಹೇಳಬಹುದಿತ್ತು," ಎಂದ.

ರೇಣುಕಯ್ಯ ಅಲ್ಲಿಂದ ನೆಟ್ಟಗೆ ಮಲ್ಲಿಕಾರ್ಜುನಯ್ಯನವರ ಮನೆಗೆ ಹೋದ. ಅವರು ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ತುಮಕೂರಿಗೆ ಆ ಕಾಗದ ನಾನು ಬರೆಯುವುದಿಲ್ಲ, ವಿಶೇಷ ಸಭೆ ಕರೆಯುತ್ತೇನೆ, ಎದ್ದವರೆಲ್ಲ ಕಾರಣ ಹೇಳಬೇಕು, ಹೇಳಿದ್ದು ಪುಸ್ತಕದಲ್ಲಿ ದಾಖಲಾಗಬೇಕು ಎಂದು ಒಂದೇ ಉಸಿರಿಗೆ ಹೇಳಿದ. ಕಾರ್ಯದರ್ಶಿಗೆ ಸಭೆ ಕರೆಯುವ ಅಧಿಕಾರವಿತ್ತು, ಅದನ್ನು ಯಾರೂ ಕಿತ್ತುಕೊಳ್ಳುವಂತಿರಲಿಲ್ಲ.

"ಕರೀರಿ, ಬೇಡ ಅಂದೋರು ಯಾರು?" ಎಂದರು ಅವರು, ಅಡಿಕೆಯಿಂದ ಕಣ್ಣೆತ್ತದೆ. "ಆದ್ರೆ ಕಾರಣ ಹೇಳೋ ಪದ್ಧತಿ ಶುರುವಾದ್ರೆ ನಿಮ್ಮಿಂದ್ಲೇ ಶುರುವಾಗ್ತದೆ. ಐವತ್ತಾರನೇ ಇಸವೀದು ನನಗೆ ಚೆನ್ನಾಗಿ ಗ್ಯಾಪಕ ಇದೆ."

ರೇಣುಕಯ್ಯ ಜಗಲಿ ಇಳಿದು ಹೊರಟ.

ಐವತ್ತಾರರಲ್ಲಿ ಬಂದಿದ್ದದ್ದು ದೊಡ್ಡಹನುಮಯ್ಯನ ಹೆಸರು. ಪಾವಗಡದ ಕಡೆಯವನು. ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಓದಿ, ಕರಿಕೋಟು ಹಾಕಿದ ಅವನ ಜನದವರಲ್ಲಿ ಆ ಕಡೆಗೆಲ್ಲ ಮೊದಲನೆಯವನು. ಅವತ್ತು ನೀರು ಕುಡಿಯಲು ಎದ್ದವರು ಮೂವರು. ಒಬ್ಬರು ಈಗ ಬದುಕಿರಲಿಲ್ಲ, ಇನ್ನೊಬ್ಬರು ಬೆಂಗಳೂರು ಸೇರಿದ್ದರು. ಮೂರನೆಯವನು ರೇಣುಕಯ್ಯ, ಅವತ್ತು ಕೆಮ್ಮಿರಲಿಲ್ಲ. ದೊಡ್ಡಹನುಮಯ್ಯನಿಗೆ ಆಗಲೇ ಮೂವತ್ತೇಳು ದಾಟಿತ್ತು. ಅದೇ ಅವನ ಕೊನೆಯ ಅವಕಾಶವಾಯಿತು. ಈಗಲೂ ಅವನು ಇದೇ ಕೋರ್ಟಿನಲ್ಲಿ ಜಾಮೀನು ಅರ್ಜಿ ಬರೆದುಕೊಂಡಿದ್ದ, ಮಂಡಳಿಯ ಸದಸ್ಯನೂ ಆಗಿದ್ದ. ಖಲೀಲುಲ್ಲಾನ ಸಭೆಯ ದಿನ ಮಾತ್ರ ಪಾವಗಡಕ್ಕೆ ಹೋಗಿದ್ದರಿಂದ ಬಂದಿರಲಿಲ್ಲ.

ಮನೆಗೆ ಬಂದು ರೇಣುಕಯ್ಯ ವಿಶೇಷ ಸಭೆಯ ನೋಟೀಸು ಬರೆಯಲು ಕೂತ. ಹೆಂಡತಿ ಬಸವಮ್ಮ ಎರಡು ಸಲ ಊಟಕ್ಕೆ ಕರೆದಳು. ಒಟ್ಟು ಹದಿನಾಲ್ಕು ಜನರಿಗೆ ಬರೆಯಬೇಕು. ದೊಡ್ಡಹನುಮಯ್ಯನದನ್ನು ಬರೆದು ಮಡಿಸಿ ಪಕ್ಕಕ್ಕೆ ಇಟ್ಟ. ಅವನೊಬ್ಬನಿಗೆ ತಲುಪದಿದ್ದರೆ? ಅಂಚೆಯಲ್ಲಿ ಎಷ್ಟೋ ಕಾಗದ ಕಳೆದುಹೋಗುತ್ತವೆ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಮಲ್ಲಿಕಾರ್ಜುನಯ್ಯ ಮಾಡಿದ್ದು ಇದಕ್ಕಿಂತ ಯಾವ ರೀತಿಯಲ್ಲಿ ಕೆಟ್ಟದ್ದು? ಮರುದಿನ ಬೆಳಿಗ್ಗೆ ಹದಿನಾಲ್ಕನ್ನೂ ತಾನೇ ಕೈಯಾರೆ ಹಂಚಿ ಬಂದ.

"ಏನ್ ಸ್ವಾಮಿ ವಿಶೇಷ?" ಎಂದು ದೊಡ್ಡಹನುಮಯ್ಯ ನೋಟೀಸು ಇಸಿದುಕೊಂಡು ಕೇಳಿದ. "ಖಲೀಲುಲ್ಲಾ ಸಾಹೇಬ್ರ ವಿಷ್ಯಾನಾ? ಬತ್ತೀನಿ ತಕಳಿ. ಅನ್ಯಾಯ ಆಗಬಾರ್ದು." ರೇಣುಕಯ್ಯನಿಗೆ ಅವನ ಮುಖ ನೋಡಲಾಗಲಿಲ್ಲ.

ಶನಿವಾರ ಮಧ್ಯಾಹ್ನ ಸಭೆ ಸೇರಿತು. ಖಲೀಲುಲ್ಲಾ ಎದುರಿನ ಹೋಟೆಲಿನಲ್ಲಿ ಕಾಯುತ್ತಿದ್ದ. ಒಳಗೆ ನೋಟೀಸು ಹೋದ ಹದಿನಾಲ್ಕು ಜನರೂ ಬಂದಿದ್ದರು. ತಮಾಷೆ ನೋಡಲು ಯಾರೂ ತಪ್ಪಿಸಿಕೊಳ್ಳುವುದಿಲ್ಲ. ರೇಣುಕಯ್ಯ ಎದ್ದು ನಿಂತು, ಹೋದ ಸಭೆಯಲ್ಲಿ ತಾನು ಎದ್ದದ್ದು ಕೆಮ್ಮಿಗೆ, ಆಕ್ಷೇಪಣೆಗಲ್ಲ ಎಂದು ಹೇಳಿದ. ಒಬ್ಬ ಮನುಷ್ಯನ ಜೀವಮಾನದ ಕೆಲಸವನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸುವುದು ನಾಚಿಕೆಗೇಡು ಎಂದ. ನಾಳೆ ಜಡ್ಜ್ ಆಗುವವನು ಕಾರಣ ಬರೆಯದೆ ಒಂದು ಹಸುವಿನ ವ್ಯಾಜ್ಯ ಕೂಡ ತೀರ್ಮಾನಿಸುವಂತಿಲ್ಲ, ಜಡ್ಜ್ ಯಾರಾಗಬೇಕೆಂದು ಹೇಳುವ ನಾವು ಮಾತ್ರ ಕಾರಣವನ್ನೇ ಕೊಡುವುದಿಲ್ಲವೇ ಎಂದು ಕೇಳಿದ.

ಮಲ್ಲಿಕಾರ್ಜುನಯ್ಯನವರು ನಿಧಾನವಾಗಿ ಕನ್ನಡಕ ಒರೆಸಿದರು.

"ಬಹಳ ಚೆನ್ನಾಗಿ ಮಾತಾಡಿದ್ರಿ. ಕಾರಣ ಹೇಳಾಣ, ಎಲ್ರೂ ಹೇಳಾಣ. ಐವತ್ತಾರನೇ ಇಸವೀಲಿ ನೀವು ನೀರು ಕುಡಿಯೋಕೆ ಎದ್ರಲ್ಲ ರೇಣುಕಯ್ಯ, ಅವತ್ತು ಯಾವ ಕೆಮ್ಮು?"

ಐವತ್ತಾರು ಎಂದರೆ ಯಾರ ಹೆಸರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಬೆಂಚಿನಲ್ಲಿದ್ದ ದೊಡ್ಡಹನುಮಯ್ಯ ತಲೆ ಎತ್ತಿದ.

ರೇಣುಕಯ್ಯ ಕೂತುಬಿಡಬಹುದಿತ್ತು. ನನ್ನ ಮಾತು ವಾಪಸು ತೆಗೆದುಕೊಂಡೆ ಎಂದರೆ ಎಲ್ಲರೂ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಹೋಟೆಲಿನಲ್ಲಿ ಕೂತಿದ್ದವನೊಬ್ಬನನ್ನು ಬಿಟ್ಟು. ಅಧ್ಯಕ್ಷರು ಅದನ್ನೇ ಕಾಯುತ್ತಿದ್ದರು.

"ಅವತ್ತು ಕೆಮ್ಮಿರಲಿಲ್ಲ," ಎಂದ ರೇಣುಕಯ್ಯ. "ಬೇಕಂತಲೇ ಎದ್ದೆ."

"ಯಾಕೆ?" ಕೇಳಿದ್ದು ಅಧ್ಯಕ್ಷರಲ್ಲ, ದೊಡ್ಡಹನುಮಯ್ಯ.

"ಅದರ ಹಿಂದಿನ ತಿಂಗಳು ತಾವರೆಕೆರೆಯ ಜಮೀನಿನ ದಾವೇಲಿ ನಾನು ಸರ್ವೆ ನಂಬರು ತಪ್ಪು ಹಾಕಿದ್ದೆ. ನೀವು ಎದ್ದು ಅದನ್ನ ತೋರಿಸಿದ್ರಿ. ಮರ್ಯಾದೆಯಿಂದ್ಲೇ ತೋರಿಸಿದ್ರಿ. ಮುನ್ಸೀಫರು ನಕ್ಕರು, ನನ್ನ ಕಕ್ಷಿದಾರನೂ ನಕ್ಕ." ರೇಣುಕಯ್ಯ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡ. "ಬೇರೆ ಯಾರಾದ್ರೂ ತೋರಿಸಿದ್ರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ. ನೀವು ತೋರಿಸಿದ್ದನ್ನ ನನಗೆ ತಡೆಯೋಕಾಗಲಿಲ್ಲ. ಅಷ್ಟೇ ಕಾರಣ. ಬೇರೆ ಯಾವುದೂ ಇಲ್ಲ."

ದೊಡ್ಡಹನುಮಯ್ಯ ಎದ್ದು ಮುಂದಕ್ಕೆ ಬಂದು ಮೇಜಿನ ಪಕ್ಕ ನಿಂತ.

"ಬರೀರಿ," ಎಂದ.

"ಏನು?"

"ಈಗ ಹೇಳಿದ್ರಲ್ಲ, ಅದನ್ನ. ಪುಸ್ತಕದಾಗೆ ದಾಖಲಾಗಬೇಕು ಅಂತ ನೀವೇ ತಾನೇ ಅಂದಿದ್ದು?"

ರೇಣುಕಯ್ಯ ಬರೆದ. ಸರ್ವೆ ನಂಬರಿನ ವಿಷಯ ಬರೆದ, ನಕ್ಕದ್ದನ್ನು ಬರೆದ, ತಡೆಯಲಾಗದ್ದನ್ನೂ ಬರೆದು ಕೆಳಗೆ ರುಜು ಹಾಕಿದ. ಇಷ್ಟು ವರ್ಷದಲ್ಲಿ ಎಷ್ಟೋ ಜನರ ತಪ್ಪೊಪ್ಪಿಗೆ ಓದಿದ್ದವನಿಗೆ ಒಂದನ್ನು ಬರೆಯುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ದೊಡ್ಡಹನುಮಯ್ಯ ಪುಸ್ತಕವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಸಾಲು ಓದಿದ. ಆಮೇಲೆ ಪುಸ್ತಕವನ್ನೂ ಪೆನ್ನನ್ನೂ ಎತ್ತಿಕೊಂಡು ಹೋಗಿ ಚಿಕ್ಕರಂಗಯ್ಯನವರ ಮುಂದೆ ಇಟ್ಟ.

"ಈಗ ತಾವು, ರಂಗಯ್ಯನೋರೆ. ಯಾಕೆದ್ರಿ ಅಂತ ಬರೀರಿ."

ಚಿಕ್ಕರಂಗಯ್ಯನವರು ಪೆನ್ನು ನೋಡಿದರು, ಅಧ್ಯಕ್ಷರನ್ನು ನೋಡಿದರು. ಇಪ್ಪತ್ತಮೂರು ಸಲ ಹೊಟ್ಟೆನೋವೆಂದು ಒಬ್ಬ ಮುದುಕಿಯನ್ನು ಅಲೆಸಿದೆ, ಸಾಕು ಅಂದವನ ಮೇಲೆ ಹಗೆ ಸಾಧಿಸಿದೆ ಎಂದು ಬರೆಯುವುದು ಹೇಗೆ? ಅದೂ ಸ್ವಂತ ಅಕ್ಷರದಲ್ಲಿ?

"ಅಲ್ರೀ... ಅವತ್ತು ಸೆಕೆ," ಎಂದರು. "ನಂಗೂ ಬಾಯಾರಿತ್ತು. ಆಕ್ಷೇಪಣೆ ಅಂತ ಯಾರಂದ್ರು?"

"ನಂಗೂ ಬಾಯಾರಿಕೇನೇ," ಎಂದ ಷಡ್ಡಕ, ಯಾರೂ ಕೇಳುವ ಮೊದಲೇ.

ಹಿಂದೆ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ರೇಣುಕಯ್ಯನಿಗೆ ನಗು ಬರಲಿಲ್ಲ. ಇಷ್ಟೇನೇ? ಕಾರಣ ಬರೆಯಿರಿ ಎಂದರೆ ಗಾಳಿಗೆ ಹಾರಿಹೋಗುವ ಇಂಥ ಆಕ್ಷೇಪಣೆಗೆ ಇಷ್ಟು ವರ್ಷ ಎಷ್ಟು ಜನರ ಬಾಳು ಹೋಯಿತು!

ಆಮೇಲೆ ತಡವಾಗಲಿಲ್ಲ. ಅಧ್ಯಕ್ಷರು ಮತ್ತೆ ಹೆಸರು ಓದಿದರು. ಯಾರೂ ಏಳಲಿಲ್ಲ. "ನನಗೆ ಆಕ್ಷೇಪಣೆ ಇಲ್ಲ, ಇದ್ದಿದ್ರೆ ಕೂತ್ಕಂಡೇ ಹೇಳ್ತಿದ್ದೆ," ಎಂದು ದೊಡ್ಡಹನುಮಯ್ಯ ಎಲ್ಲರಿಗಿಂತ ಮೊದಲು ರುಜು ಹಾಕಿದ. ಖಲೀಲುಲ್ಲಾ ಎಲ್ಲ ರೀತಿಯಲ್ಲೂ ಯೋಗ್ಯರೆಂದು ಮಂಡಳಿಯ ಒಮ್ಮತದ ಅಭಿಪ್ರಾಯ ಎಂದು ರೇಣುಕಯ್ಯ ಬರೆದ. ಮಲ್ಲಿಕಾರ್ಜುನಯ್ಯನವರು ಓದದೆಯೇ ರುಜು ಹಾಕಿ ಕೊಡೆ ಎತ್ತಿಕೊಂಡು ಎದ್ದುಹೋದರು.

ರೇಣುಕಯ್ಯ ಓಡಿ ಬಂದು ಮೆಟ್ಟಿಲ ಹತ್ತಿರ ದೊಡ್ಡಹನುಮಯ್ಯನನ್ನು ಹಿಡಿದ. "ದೊಡ್ಡಹನುಮಯ್ಯನೋರೆ, ನಾನು..." ಎಂದು ನಿಲ್ಲಿಸಿದ. ಇಷ್ಟು ವರ್ಷದಲ್ಲಿ ಆ ಹೆಸರಿಗೆ ಗೌರವ ಸೇರಿಸಿ ಕರೆದದ್ದು ಅದೇ ಮೊದಲು ಎಂದು ಕರೆದ ಮೇಲೆ ಹೊಳೆಯಿತು.

"ಐವತ್ತಾರರಾಗೆ ಸಭೆ ಮುಗಿಸ್ಕಂಡು ನೀವು ನೆಟ್ಟಗೆ ನನ್ನತ್ರ ಬಂದ್ರಿ," ಎಂದ ದೊಡ್ಡಹನುಮಯ್ಯ. ದನಿ ಏರಿರಲಿಲ್ಲ. "ಆ ಎದುರಿಗಿನ ಹೋಟ್ಲಾಗೆ ಕಾಫಿ ಕೊಡಿಸಿದ್ರಿ. ಬೇಜಾರು ಮಾಡ್ಕಾಬೇಡ, ಮುಂದಿನ ಸಲ ನೋಡಾಣ ಅಂದ್ರಿ. ಅವತ್ತಿಂದ ನಮ್ಮ ಕೇರಿಯಾಗೆ ನಿಮ್ಮ ಹೆಸರು ಹೇಳ್ಕಂಡು ಬಂದಿದೀನಿ ಸ್ವಾಮಿ. ಆ ಮಂಡಳಿಯಾಗೆ ಮನುಷ್ಯ ಅಂತ ಇದ್ರೆ ಅವರೊಬ್ರೇ ಅಂತ."

ರೇಣುಕಯ್ಯ ಅವನ ಕೈ ಹಿಡಿಯಲು ಹೋದ. ದೊಡ್ಡಹನುಮಯ್ಯ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡ.

"ಸಾಹೇಬ್ರಿಗೆ ಕೆಲ್ಸ ಆಗ್ಲಿ, ಒಳ್ಳೇ ಮನುಷ್ಯ. ಅವರಿಗೋಸ್ಕರ ನಿಮಗೆ ಬಂದ ಸಿಟ್ಟೂ ಸುಳ್ಳಲ್ಲ, ನಾನೇ ನೋಡ್ದೆ. ಎಲ್ಲಾ ಸರಿ ಸ್ವಾಮಿ. ಇಷ್ಟು ಚೆಂದದ ಸಿಟ್ಟು ಐದು ವರ್ಷ ಎಲ್ಲಿ ಇಟ್ಟಿದ್ರಿ?"

ಅವನು ಉತ್ತರಕ್ಕೆ ಕಾಯಲಿಲ್ಲ. ಪಾವಗಡದ ಬಸ್ಸಿಗೆ ಹೊತ್ತಾಗಿತ್ತು. ರಸ್ತೆಯಾಚೆ ಹೋಟೆಲಿನ ಬಾಗಿಲಲ್ಲಿ ಖಲೀಲುಲ್ಲಾ ನಿಂತಿದ್ದ, ಏನಾಯಿತು ಎಂದು ಕೈಸನ್ನೆ ಮಾಡಿ ಕೇಳುತ್ತಿದ್ದ. ಗೆದ್ದ ಸುದ್ದಿಯನ್ನು ಅವನಿಗೆ ಹೇಳಬೇಕಾಗಿತ್ತು. ರೇಣುಕಯ್ಯನಿಗೆ ಮೆಟ್ಟಿಲಿಳಿಯಲು ಕಾಲು ಬರಲಿಲ್ಲ.